ಮೆಕೆಂಜಿಯ ಹೂಳು ಹೆಪ್ಪುಗಟ್ಟುವ ಕಡಲಲ್ಲಿ ಎಲ್ಲಿ ಕೂರುತ್ತದೆ?

ಪ್ರಶ್ನೆ: ನಾನು ಹೊನ್ನಾವರದವನು, ಈಗ ಕೆನಡಾದ ಎಡ್ಮಂಟನ್‌ನಲ್ಲಿದ್ದೇನೆ. ಹೋದ ಜುಲೈಯಲ್ಲಿ ಮನೆಮಂದಿಯೆಲ್ಲ ಕಾರಿನಲ್ಲಿ ಡೆಂಪ್‌ಸ್ಟರ್ ಹೆದ್ದಾರಿ ಹಿಡಿದು ಟಕ್ಟೊಯಾಕ್ಟಕ್‌ವರೆಗೆ ಹೋಗಿಬಂದೆವು. ಮೆಕೆಂಜಿ ನದಿ ದಾಟಿಸುವ ಫೆರಿಯಲ್ಲಿ ನಿಂತು ನೋಡಿದರೆ ನೀರು ಹಾಲು ಹೆಚ್ಚಾದ ಚಹಾದ ಹಾಗಿತ್ತು. ನಮ್ಮ ಶರಾವತಿ ಮಳೆಗಾಲದಲ್ಲೂ ಅಷ್ಟು ರಾಡಿಯಾಗುವುದಿಲ್ಲ. ಮಗಳು ಅಲ್ಲೊಂದು ಬಾಟಲಿ, ಟಕ್‌ನ ಕಡಲ ದಡದಲ್ಲೊಂದು ಬಾಟಲಿ ನೀರು ತುಂಬಿಸಿಕೊಂಡಳು. ಕಡಲಿನದು ಮರುದಿನ ಬೆಳಗಾಗುವಷ್ಟರಲ್ಲಿ ತಿಳಿಯಾಗಿತ್ತು. ನದಿಯದು ಮನೆ ಮುಟ್ಟಿ ವಾರವಾದರೂ ಬಗ್ಗಡವಾಗಿಯೇ ಇತ್ತು. ತಣ್ಣೀರಿನಲ್ಲಿ ಮಣ್ಣು ಬೇಗ ಇಳಿಯುವುದಿಲ್ಲ ಎಂದು ಎಲ್ಲೋ ಓದಿದ ನೆನಪು. ಹಾಗಿದ್ದರೆ ಅಷ್ಟೊಂದು ಮಣ್ಣು ಎಲ್ಲಿಗೆ ಹೋಗಿ ಕೂರುತ್ತದೆ? ವರ್ಷದಲ್ಲಿ ಎಂಟು ತಿಂಗಳು ಕಡಲೇ ಹೆಪ್ಪುಗಟ್ಟಿರುವಾಗ ನದಿ ತನ್ನ ಹೂಳನ್ನು ಎಲ್ಲಿ ಸುರಿಯುತ್ತದೆ?

ಉತ್ತರ: ನಿಮ್ಮ ಮಗಳ ಎರಡು ಬಾಟಲಿಗಳಿಂದಲೇ ಶುರು ಮಾಡುತ್ತೇನೆ. ನಾನು ಕಡಲತಳದ ಹೂಳನ್ನು ನೋಡುವ ಕೆಲಸದವನು. ಹೊಸದಾಗಿ ಸೇರುವ ಹುಡುಗರಿಗೆ ಮೊದಲ ದಿನ ತೋರಿಸುವುದೂ ಇಂಥವೇ ಎರಡು ಬಾಟಲಿ. ನದಿಯ ಬಾಟಲಿ ಇನ್ನೂ ಇದ್ದರೆ ಅದಕ್ಕೊಂದು ಚಿಟಿಕೆ ಅಡುಗೆ ಉಪ್ಪು ಹಾಕಿ, ಮೆಲ್ಲಗೆ ಅಲ್ಲಾಡಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಸ್ವಲ್ಪ ಹೊತ್ತಿಗೆ ಒಂದೇ ಸಮ ಇದ್ದ ಬಗ್ಗಡ ಒಡೆದ ಹಾಲಿನ ಹಾಗೆ ಸಣ್ಣ ಸಣ್ಣ ಚೂರಾಗುತ್ತದೆ. ಆ ಚೂರುಗಳು ಒಂದಕ್ಕೊಂದು ತಗುಲಿ, ದಪ್ಪವಾಗಿ, ಕೆಳಗಿಳಿಯತೊಡಗುತ್ತವೆ. ಬೆಳಿಗ್ಗೆ ಎದ್ದು ನೋಡಿದರೆ ತಳದಲ್ಲಿ ಗಸಿ, ಮೇಲೆ ತಿಳಿ.

ಜೇಡಿಯ ಕಣಗಳ ಮೈಮೇಲೆ ಋಣ ವಿದ್ಯುದಂಶ ಇರುತ್ತದೆ. ಸಿಹಿನೀರಿನಲ್ಲಿ ಅವು ಒಂದನ್ನೊಂದು ದೂರ ತಳ್ಳುತ್ತಲೇ ಇರುತ್ತವೆ, ಹತ್ತಿರ ಬರಲು ಬಿಡುವುದಿಲ್ಲ. ನೀರಿಗೆ ಉಪ್ಪು ಸೇರಿದೊಡನೆ ಅದರಲ್ಲಿರುವ ಧನ ಅಯಾನುಗಳು ಕಣದ ಸುತ್ತ ಮುತ್ತಿಕೊಂಡು ಆ ತಳ್ಳಾಟವನ್ನು ಅಡಗಿಸುತ್ತವೆ. ಕಣಕ್ಕೆ ಕಣ ಅಂಟುತ್ತದೆ. ಕಡಲಿನಷ್ಟು ಉಪ್ಪು ಬೇಕೆಂದೇನೂ ಇಲ್ಲ, ಲೀಟರಿಗೆ ಎರಡು ಮೂರು ಗ್ರಾಂ ಸಾಕು. ಜುಲೈಯಲ್ಲಿ ಟಕ್‌ನ ದಡದಲ್ಲಿರುವುದು ಅರ್ಧಂಬರ್ಧ ಉಪ್ಪುನೀರು, ಈ ಕೆಲಸಕ್ಕೆ ಅದು ಧಾರಾಳ.

ಈಗ ತಣ್ಣೀರಿನ ಮಾತು. ನೀವು ಓದಿದ್ದು ಸುಳ್ಳಲ್ಲ. 0 ಡಿಗ್ರಿಯ ನೀರು 30 ಡಿಗ್ರಿಯ ನೀರಿಗಿಂತ ಎರಡು ಪಟ್ಟಿಗೂ ಹೆಚ್ಚು ಸ್ನಿಗ್ಧ. ಬಿಸಿ ಬೆಲ್ಲದ ಪಾಕಕ್ಕೂ ಆರಿದ ಪಾಕಕ್ಕೂ ಇರುವ ವ್ಯತ್ಯಾಸದ ಜಾತಿಯದೇ ಇದು, ಪ್ರಮಾಣ ಚಿಕ್ಕದು ಅಷ್ಟೆ. 1851ರಲ್ಲಿ ಜಾರ್ಜ್ ಸ್ಟೋಕ್ಸ್ ಕೊಟ್ಟ ಸೂತ್ರದಂತೆ ಲೆಕ್ಕ ಹಾಕಿದರೆ, ಮಿಲಿಮೀಟರಿನ ನೂರನೇ ಒಂದು ಭಾಗದಷ್ಟಿರುವ ಹೂಳಿನ ಕಣ ಹೊನ್ನಾವರದ ಕಡಲಲ್ಲಿ ದಿನಕ್ಕೆ ಒಂಬತ್ತು ಹತ್ತು ಮೀಟರ್ ಇಳಿದರೆ ಮೆಕೆಂಜಿ ಹೋಗಿ ಸೇರುವ ಬೋಫರ್ಟ್ ಸಮುದ್ರದಲ್ಲಿ ನಾಲ್ಕೈದು ಮೀಟರ್ ಇಳಿಯುತ್ತದೆ. ಅದಕ್ಕಿಂತ ಐದು ಪಟ್ಟು ಸಣ್ಣದಾದ ಜೇಡಿಯ ಕಣದ ಪಾಡು ಇನ್ನೂ ಕಷ್ಟ, ತಣ್ಣೀರಿನಲ್ಲಿ ಅದು ದಿನವಿಡೀ ಇಳಿದರೂ ಒಂದು ಗೇಣು ದಾಟುವುದಿಲ್ಲ. 20 ಮೀಟರ್ ಆಳ ಮುಟ್ಟಲು ಹೆಚ್ಚುಕಡಿಮೆ ನಾಲ್ಕು ತಿಂಗಳು ಬೇಕು. ಅಂದರೆ ನೀವು ನೋಡಿದ ಜುಲೈಯ ಕಣ ತಳ ಕಾಣುವುದು ನವೆಂಬರಿನಲ್ಲಿ. ಇದು ಕಣ ಒಂಟಿಯಾಗಿ ಇಳಿದರೆ. ಉಪ್ಪು ತಗುಲಿ ಗಂಟು ಕಟ್ಟಿದ ಮೇಲೆ ಅದೇ ಜೇಡಿ ಸೆಕೆಂಡಿಗೆ ಅರ್ಧ ಮಿಲಿಮೀಟರ್ ವೇಗದಲ್ಲಿ ಇಳಿಯಬಲ್ಲದು, 20 ಮೀಟರಿಗೆ ಅರ್ಧ ದಿನ ಸಾಕು. ಚಳಿ ಎರಡು ಪಟ್ಟು ನಿಧಾನಿಸಿದರೆ ಉಪ್ಪು ಇನ್ನೂರು ಪಟ್ಟಿಗೂ ಹೆಚ್ಚು ಚುರುಕಾಗಿಸುತ್ತದೆ. ಹಾಗಾಗಿ ತಣ್ಣಗಿನ ಕಡಲಲ್ಲಿ ಹೂಳಿನ ಗತಿಯನ್ನು ನಿರ್ಧರಿಸುವುದು ನೀರಿನ ತಂಪು ಎಂದು ನಾನು ಒಪ್ಪುವುದಿಲ್ಲ. ನಿರ್ಧರಿಸುವುದು ಮಂಜುಗಡ್ಡೆ, ಅದು ಯಾವ ತಿಂಗಳು ಎಲ್ಲಿರುತ್ತದೆ ಎಂಬುದು. ಮುಂದಿನ ಮಾತೆಲ್ಲ ಅದರದೇ.

ಅದಕ್ಕೂ ಮೊದಲು ಈ ಮಣ್ಣು ಯಾರ ಮನೆಯದು ಎಂದು ಹೇಳಿಬಿಡಬೇಕು, ಶರಾವತಿಯ ಮಾತು ನೀವೇ ಎತ್ತಿದ್ದೀರಿ. ಶರಾವತಿಯ ಹೂಳು 1964ರಿಂದ ಲಿಂಗನಮಕ್ಕಿಯ ಹಿಂದೆ ತಂಗುತ್ತಿದೆ, ಕಡಲಿಗೆ ಬರುವುದು ಅಣೆಕಟ್ಟಿನ ಕೆಳಗಿನ ಪಾಲು ಮಾತ್ರ. ಮೆಕೆಂಜಿಗೂ ಒಂದು ಲಿಂಗನಮಕ್ಕಿ ಇದೆ, ಕಟ್ಟಿದ್ದು ಮನುಷ್ಯರಲ್ಲ. ನದಿ ಹೊರಡುವುದೇ ಗ್ರೇಟ್ ಸ್ಲೇವ್ ಸರೋವರದಿಂದ. 614 ಮೀಟರ್ ಆಳದ ಆ ಸರೋವರ ದಕ್ಷಿಣದಿಂದ ಬರುವ ಮಣ್ಣನ್ನೆಲ್ಲ ನುಂಗಿ ತಿಳಿನೀರನ್ನಷ್ಟೇ ಹೊರಗೆ ಬಿಡುತ್ತದೆ. ಫೋರ್ಟ್ ಸಿಂಪ್ಸನ್ ಹತ್ತಿರ ಪಶ್ಚಿಮದ ಪರ್ವತಗಳಿಂದ ಲಿಯರ್ಡ್ ನದಿ ಬಂದು ಕೂಡುತ್ತದೆ, ರಾಡಿ ಶುರುವಾಗುವುದು ಅಲ್ಲಿಂದ. ಬಹುದೂರದವರೆಗೆ ಒಂದೇ ಪಾತ್ರದಲ್ಲಿ ಬಲಕ್ಕೆ ತಿಳಿನೀರು, ಎಡಕ್ಕೆ ಕೆಸರುನೀರು ಒಂದರ ಪಕ್ಕ ಒಂದು ಹರಿಯುತ್ತವೆ. ಮುಂದೆ ಪೀಲ್ ನದಿಯೂ ತನ್ನ ಪಾಲು ಸೇರಿಸುತ್ತದೆ. ನೀವು ಫೋರ್ಟ್ ಮ್ಯಾಕ್‌ಫರ್ಸನ್ ಬಳಿ ಫೆರಿಯಲ್ಲಿ ದಾಟಿದ ಮೊದಲ ನದಿ ಅದೇ. ಎಲ್ಲ ಸೇರಿ ನದೀಮುಖಕ್ಕೆ ಬರುವ ಹೂಳು ವರ್ಷಕ್ಕೆ ಸುಮಾರು 12ರಿಂದ 13 ಕೋಟಿ ಟನ್. ಗಂಗಾ-ಬ್ರಹ್ಮಪುತ್ರದ ನೂರು ಕೋಟಿ ಟನ್ ಮುಂದೆ ಇದು ಚಿಕ್ಕದೇ. ಆದರೆ ಉತ್ತರ ಧ್ರುವ ಸಾಗರಕ್ಕೆ ಇಷ್ಟು ಹೂಳು ತರುವ ಇನ್ನೊಂದು ನದಿ ಇಲ್ಲ. ಸೈಬೀರಿಯಾದ ಲೇನಾ ಇದರ ಒಂದೂಮುಕ್ಕಾಲು ಪಟ್ಟು ನೀರು ತಂದರೂ ಹೂಳು ಎರಡು ಕೋಟಿ ಟನ್ ಆಸುಪಾಸು.

ಮರಳೆಲ್ಲ ನದೀಮುಖದ ಸೀಳುಕಾಲುವೆಗಳಲ್ಲೇ ಉಳಿಯುತ್ತದೆ. ನೆರೆ ಬಂದಾಗ ದಡ ಮೀರಿದ ನೀರು ಅಲ್ಲಿನ ಹತ್ತಾರು ಸಾವಿರ ಕೆರೆಗಳಿಗೆ ನುಗ್ಗಿ ಹೂಳಿನ ಒಂದು ದೊಡ್ಡ ಪಾಲನ್ನು ಬಿಟ್ಟು ಹೋಗುತ್ತದೆ. ಕಡಲಿಗೆ ದಾಟುವುದು ನಯವಾದ ಹೂಳು ಮತ್ತು ಜೇಡಿ.

ಚಳಿಗಾಲಕ್ಕೆ ಬರೋಣ. ನದಿ ನಿಲ್ಲುವುದಿಲ್ಲ. ಮೇಲೆ ಮಂಜುಗಡ್ಡೆಯ ಮುಚ್ಚಳ, ಅದರಡಿಯಲ್ಲಿ ಜನವರಿಯಲ್ಲೂ ಸೆಕೆಂಡಿಗೆ ಮೂರು ಸಾವಿರ ಘನಮೀಟರಿಗೂ ಹೆಚ್ಚು ನೀರು ಹರಿಯುತ್ತಿರುತ್ತದೆ. ಆದರೆ ಆ ನೀರಲ್ಲಿ ಮಣ್ಣು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಮಳೆ ಇಲ್ಲ, ದಡ ಕಲ್ಲಿನಂತೆ ಹೆಪ್ಪುಗಟ್ಟಿದೆ, ಉಪನದಿಗಳು ಕುಗ್ಗಿವೆ. ಬರುವುದೆಲ್ಲ ಸರೋವರಗಳ ನೀರು ಮತ್ತು ಅಂತರ್ಜಲ. ಎಂಟು ತಿಂಗಳು ಹೂಳು ಎಲ್ಲಿ ಸುರಿಯುತ್ತದೆ ಎಂದು ನೀವು ಕೇಳಿದ್ದಕ್ಕೆ ನೇರ ಉತ್ತರ ಇದು: ಆ ಎಂಟು ತಿಂಗಳಲ್ಲಿ ಸುರಿಯಲು ಅದರ ಬಳಿ ಹೆಚ್ಚೇನೂ ಇರುವುದಿಲ್ಲ. ಆ ತಿಳಿನೀರಿನದೂ ಒಂದು ಸ್ವಾರಸ್ಯದ ಕತೆ. ಕರಾವಳಿಗೆ ಅಂಟಿಕೊಂಡ ಮಂಜುಗಡ್ಡೆಯ ಹಾಸು ಸುಮಾರು 20 ಮೀಟರ್ ಆಳದವರೆಗೆ ಚಾಚಿರುತ್ತದೆ. ಅದರ ಹೊರ ಅಂಚಿನಲ್ಲಿ ತೇಲಿ ಬಂದ ಹಿಮಹಲಗೆಗಳು ಗುದ್ದಾಡಿ, ಒಂದರ ಮೇಲೊಂದು ಏರಿ, ತಳ ಮುಟ್ಟುವಂಥ ದಿಬ್ಬಗಳಾಗುತ್ತವೆ. ರಷ್ಯನ್ನರು ಅದಕ್ಕೆ ಸ್ತಮುಖಿ ಎನ್ನುತ್ತಾರೆ, ನಮ್ಮ ವಿಜ್ಞಾನದಲ್ಲೂ ಅದೇ ಹೆಸರು ನಿಂತಿದೆ. ಈ ದಿಬ್ಬದ ಸಾಲು ಒಡ್ಡಿನಂತೆ ತಡೆದು ಚಳಿಗಾಲದ ನದಿನೀರನ್ನು ಒಳಗೇ ಕೂಡಿಹಾಕುತ್ತದೆ. ಕೆಳಗೆ ಉಪ್ಪುನೀರು, ಮೇಲೆ ಮಂಜುಗಡ್ಡೆ, ನಡುವೆ ಒಂದು ಸಿಹಿನೀರಿನ ಕೆರೆ. ನೆಲದ ಮೇಲಲ್ಲ, ಕಡಲ ಮೇಲೆ ತೇಲುವ ಕೆರೆ.

ಮೇ ತಿಂಗಳಲ್ಲಿ ಇದೆಲ್ಲ ಅಡಿಮೇಲಾಗುತ್ತದೆ. ನದಿ ಹರಿಯುವುದು ಉತ್ತರಕ್ಕೆ. ಹಾಗಾಗಿ ದಕ್ಷಿಣದ ಮೇಲ್ಪಾತ್ರದಲ್ಲಿ ಹಿಮ ಕರಗಿ ನೆರೆ ಹೊರಟಾಗ ಉತ್ತರದ ಅಳಿವೆ ಇನ್ನೂ ಬೀಗ ಹಾಕಿಕೊಂಡಿರುತ್ತದೆ. ಒಡೆದ ಮಂಜುಗಡ್ಡೆ ತಿರುವುಗಳಲ್ಲಿ ಸಿಕ್ಕಿ ಅಣೆಕಟ್ಟಾಗುತ್ತದೆ, ನೀರು ಉಕ್ಕುತ್ತದೆ, ಕಟ್ಟೆ ಒಡೆಯುತ್ತದೆ, ಇನ್ನೊಂದು ಕಡೆ ಮತ್ತೆ ಕಟ್ಟುತ್ತದೆ. ವರ್ಷದ ಹೂಳಿನಲ್ಲಿ ಸಿಂಹಪಾಲು ಬರುವುದು ಮೇ ಕೊನೆಯಿಂದ ಆಗಸ್ಟ್‌ವರೆಗಿನ ಕೆಲವೇ ವಾರಗಳಲ್ಲಿ. ಮೊದಲ ನೆರೆ ಬಂದಾಗ ಕಡಲು ಇನ್ನೂ ಬೆಳ್ಳಗಿರುತ್ತದೆ. ಅಳಿವೆಯ ಮುಂದೆ ಕಿಲೋಮೀಟರುಗಟ್ಟಲೆ ಆಳ ಎರಡು ಮೀಟರ್ ಕೂಡ ಇಲ್ಲ. ಚಳಿಗಾಲದಲ್ಲಿ ಬೆಳೆದ ಎರಡು ಮೀಟರ್ ದಪ್ಪದ ಮಂಜುಗಡ್ಡೆ ಅಲ್ಲಿ ತಳಕ್ಕೇ ಕಚ್ಚಿಕೊಂಡಿರುತ್ತದೆ, ಕೆಳಗೆ ನುಸುಳಲು ಜಾಗವಿಲ್ಲ. ಆಗ ನದಿ ಮಂಜುಗಡ್ಡೆಯ ಮೇಲೆಯೇ ಹರಿಯುತ್ತದೆ. ಕೆಮ್ಮಣ್ಣು ಬಣ್ಣದ ನೀರು ಬಿಳಿ ಹಾಸಿನ ಮೇಲೆ ಹರಡುತ್ತಾ ಕಡಲ ಕಡೆ ಹೋಗುತ್ತದೆ.

ಹೋಗುತ್ತಾ ಹೋಗುತ್ತಾ ಮಂಜುಗಡ್ಡೆಯಲ್ಲಿ ಒಂದು ಬಿರುಕೋ ಸೀಲ್ ಪ್ರಾಣಿ ಉಸಿರಾಡಲು ಮಾಡಿಕೊಂಡ ತೂತೋ ಸಿಕ್ಕಿದರೆ, ಮೇಲೆ ನಿಂತ ನೀರೆಲ್ಲ ಅಲ್ಲಿಂದ ಬಚ್ಚಲ ತೂಬು ಕಿತ್ತ ಹಾಗೆ ಸುಳಿ ಸುತ್ತಿ ಕೆಳಗಿಳಿಯುತ್ತದೆ. ಜರ್ಮನ್ನಿನಲ್ಲಿ ಸುಳಿಗೆ ಸ್ಟ್ರೂಡಲ್ ಎನ್ನುತ್ತಾರೆ, ಈ ತೂತುಗಳಿಗೂ ಅದೇ ಹೆಸರು. ಆ ಧಾರೆ ಆಳವಿಲ್ಲದ ತಳಕ್ಕೆ ಬಡಿದು ಮೀಟರುಗಟ್ಟಲೆ ಆಳದ ಗುಂಡಿ ತೋಡುತ್ತದೆ. ಅಲಾಸ್ಕಾದ ತೈಲ ಕಂಪನಿಗಳು ಕಡಲತಳದಲ್ಲಿ ಪೈಪ್ ಹೂಳುವಾಗ ಲೆಕ್ಕಕ್ಕೆ ಹಿಡಿಯುವ ಅಪಾಯಗಳಲ್ಲಿ ಇದೂ ಒಂದು. ಹೂಳು ಕೂರುವ ಜಾಗ ಅಂದುಕೊಂಡಲ್ಲಿ ನದಿಯೇ ಬಂದು ತಳ ಅಗೆಯುತ್ತದೆ, ನನಗಂತೂ ಇದು ಇಂದಿಗೂ ಸೋಜಿಗವೇ.

ಜೂನ್ ಕೊನೆ, ಜುಲೈ ಹೊತ್ತಿಗೆ ಹಾಸು ಒಡೆದು ಚದುರುತ್ತದೆ. ನೀವು ಕಂಡದ್ದು ಆಮೇಲಿನ ನೋಟ. ಕೆಸರುನೀರು ಕಡಲನ್ನು ಸೇರಿದಾಗ ಕೆಳಗಿಳಿಯಬೇಕಲ್ಲ, ಮಣ್ಣು ಭಾರವಲ್ಲವೇ ಎಂದು ಅನಿಸಬಹುದು. ಲೆಕ್ಕ ಹಾಕೋಣ. ಒಂದು ಲೀಟರ್ ನದಿನೀರಲ್ಲಿ ಒಂದು ಗ್ರಾಂ ಮಣ್ಣಿದೆ ಎನ್ನಿ, ಅದು ಸಾಕಷ್ಟು ಕಡು ರಾಡಿಯೇ. ಮಣ್ಣು ತಾನು ಕೂತ ಜಾಗದ ನೀರನ್ನು ಹೊರಗೆ ಸರಿಸುವುದರಿಂದ ಆ ಲೀಟರಿನ ತೂಕ ಹೆಚ್ಚುವುದು 0.6 ಗ್ರಾಂ ಮಾತ್ರ. ಕಡಲಿನ ಒಂದು ಲೀಟರ್ ನೀರು ಸಿಹಿನೀರಿಗಿಂತ 24 ಗ್ರಾಂ ಭಾರ. ಕೆಸರುನೀರು ಮುಳುಗಬೇಕಾದರೆ ಲೀಟರಿಗೆ ಸುಮಾರು 40 ಗ್ರಾಂ ಮಣ್ಣು ಬೇಕು. ಮೆಕೆಂಜಿಯಲ್ಲಿ ಅದರ ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ ಅದು ಹಾಲಿನ ಮೇಲಿನ ಕೆನೆಯಂತೆ ಕೆಲವು ಮೀಟರ್ ದಪ್ಪದ ಪದರವಾಗಿ ಕಡಲ ಮೇಲೆ ತೇಲುತ್ತದೆ. ಉಪಗ್ರಹದ ಚಿತ್ರದಲ್ಲಿ ನೂರಾರು ಕಿಲೋಮೀಟರ್ ಕಾಣುವ ಆ ಕಂದು ಹರವು ನಿಜಕ್ಕೂ ತೆಳ್ಳನೆಯ ಒಂದು ಸಿಪ್ಪೆ.

ಆ ಸಿಪ್ಪೆ ಎತ್ತ ಹೋಗಬೇಕೆಂದು ಗಾಳಿ ಹೇಳುತ್ತದೆ. ಭೂಮಿ ತಿರುಗುವುದರಿಂದ ಉತ್ತರ ಗೋಳಾರ್ಧದಲ್ಲಿ ಮೇಲ್ಪದರದ ನೀರು ಗಾಳಿಯ ಬಲಕ್ಕೆ ಸರಿಯುತ್ತದೆ. ಅಲ್ಲಿನ ಕರಾವಳಿ ಉತ್ತರಕ್ಕೆ ಮುಖ ಮಾಡಿದೆ. ಪೂರ್ವದ ಗಾಳಿ ಬೀಸಿದರೆ ಕೆಸರು ದಡ ಬಿಟ್ಟು ತೆರೆದ ಕಡಲಿಗೆ ಹೋಗುತ್ತದೆ. ವಾಯವ್ಯದ ಗಾಳಿ ಬೀಸಿದರೆ ದಡಕ್ಕೆ ಒತ್ತಿಕೊಂಡು ಪೂರ್ವಕ್ಕೆ, ಅಂದರೆ ಟಕ್ ಕಡೆಗೇ ಬರುತ್ತದೆ. ಗಾಳಿ ಇಲ್ಲದಾಗಲೂ ಬಲಕ್ಕೆ ತಿರುಗುವುದು ಅದರ ಸ್ವಭಾವ. ಉಬ್ಬರವಿಳಿತ ಅಲ್ಲಿ ಅರ್ಧ ಮೀಟರ್ ಕೂಡ ಇಲ್ಲ, ನಮ್ಮ ಅಳಿವೆಗಳಲ್ಲಿ ದಿನಕ್ಕೆರಡು ಸಲ ನಡೆಯುವ ಎಳೆದಾಟ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಪದರದ ಅಂಚಿನಲ್ಲಿ, ಅಡಿಯಲ್ಲಿ, ಉಪ್ಪು ಸೋಕಿದಲ್ಲೆಲ್ಲ ಜೇಡಿ ಗಂಟು ಕಟ್ಟಿ ಉದುರುತ್ತಿರುತ್ತದೆ. ನದಿನೀರು ಬೆಚ್ಚಗಿರುವ ಆ ಜುಲೈ ದಿನಗಳಲ್ಲೇ ಬೆಲೂಗ ತಿಮಿಂಗಿಲಗಳು ಈ ಬಗ್ಗಡದೊಳಗೆ ಬಂದು ಸೇರುತ್ತವೆ. ಆ ಕರಾವಳಿಯ ಮೂಲನಿವಾಸಿಗಳಾದ ಇನುವಿಯಲುಯಿಟ್ ಜನರ ಬೇಟೆಯ ಕಾಲವೂ ಅದೇ.

ಹಾಗೆ ಉದುರಿದ ಹೂಳು ಹತ್ತು ಹದಿನೈದು ಮೀಟರ್ ಆಳದಲ್ಲಿ ಮೆತ್ತಗೆ ಕೂತಿತು ಎನ್ನಿ. ಮುಗಿಯಿತೇ? ಇಲ್ಲ. ಜುಲೈಯಲ್ಲಿ ಕೂತದ್ದು ಬಾಡಿಗೆ ಮನೆಯಲ್ಲಿ ಕೂತ ಹಾಗೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಕಡಲು ತೆರೆದಿರುತ್ತದೆ, ಬಿರುಗಾಳಿಗಳೂ ಶುರುವಾಗಿರುತ್ತವೆ. ಆರು ಸೆಕೆಂಡಿಗೊಂದರಂತೆ ಬರುವ ಅಲೆಯ ಉದ್ದ 56 ಮೀಟರ್, ಅದರ ಅರ್ಧದಷ್ಟು ಆಳದವರೆಗೆ ಅದರ ಕೈ ಚಾಚುತ್ತದೆ. ಅಂದರೆ 28 ಮೀಟರ್. ಬೇಸಗೆಯ ಹೂಳೆಲ್ಲ ಮತ್ತೆ ಏಳುತ್ತದೆ. ವಾಯವ್ಯದ ಬಿರುಗಾಳಿಯಾದರೆ ಮೇಲಿನ ನೀರು ದಡಕ್ಕೆ ನುಗ್ಗುತ್ತದೆ. ಹಾಗೆ ನುಗ್ಗಿದ ನೀರು ತಳದಗುಂಟ ಹಿಂದಿರುಗಬೇಕು. ಹಿಂದಿರುಗುವಾಗ ಎದ್ದ ಕೆಸರನ್ನು ಆಳದ ಕಡೆಗೆ ಎಳೆದೊಯ್ಯುತ್ತದೆ. ಹೀಗೆ ಕಂತು ಕಂತಾಗಿ, ಒಂದು ಬಿರುಗಾಳಿಗೆ ಒಂದಿಷ್ಟು ದೂರ, ವರ್ಷಗಳ ಮೇಲೆ ವರ್ಷ ಅದು ಹೊರಗೆ ಸಾಗುತ್ತದೆ. ಚಳಿಗಾಲದಲ್ಲಿ ಮುಚ್ಚಳ ಬಿದ್ದ ಮೇಲೆ ಅಲೆ ಇಲ್ಲ, ಎಲ್ಲ ಇದ್ದಲ್ಲೇ. ತೆರೆದ ಕಡಲಿನ ಕಾಲ ಈಗ ಮೊದಲಿಗಿಂತ ಉದ್ದವಾಗುತ್ತಿದೆ. ಹೂಳು ಎಷ್ಟು ಸಲ ಏಳುತ್ತದೆ ಎಂಬ ಲೆಕ್ಕವೇ ಅದರೊಡನೆ ಬದಲಾಗುತ್ತದೆ, ಅದಕ್ಕೇ ನಾವು ಆ ತಿಂಗಳುಗಳ ಮೇಲೆ ಅಷ್ಟು ಕಣ್ಣಿಟ್ಟಿರುವುದು.

ಇದೇ ಅಕ್ಟೋಬರಿನಲ್ಲಿ ಇನ್ನೊಂದು ನಡೆಯುತ್ತದೆ, ತಣ್ಣಗಿನ ಕಡಲಿಗೇ ಮೀಸಲಾದದ್ದು. ಬಿರುಗಾಳಿ ಕಡಲನ್ನು ಕಡೆಯುತ್ತಿರುವಾಗ ನೀರು ಹೆಪ್ಪುಗಟ್ಟುವ ಬಿಂದುವಿಗಿಂತ, ಅಂದರೆ ಸುಮಾರು -1.8 ಡಿಗ್ರಿಗಿಂತ, ಕೂದಲೆಳೆಯಷ್ಟು ಕೆಳಗೆ ತಣ್ಣಗಾಗುತ್ತದೆ. ಆಗ ಮೇಲೆ ಹಾಸು ಕಟ್ಟುವ ಬದಲು ನೀರಿನೊಳಗೆಲ್ಲ ಸಣ್ಣ ಸಣ್ಣ ಹಿಮದ ಬಿಲ್ಲೆಗಳು ಹುಟ್ಟುತ್ತವೆ, ತಳದವರೆಗೂ ಸುತ್ತುತ್ತವೆ. ಎದ್ದ ಹೂಳಿನ ಕಣಗಳು ಅವಕ್ಕೆ ಅಂಟುತ್ತವೆ. ಗಾಳಿ ನಿಂತಾಗ ಹಿಮ ಹಗುರ, ಮೇಲೇರುತ್ತದೆ, ಮಣ್ಣನ್ನೂ ಹೊತ್ತುಕೊಂಡೇ ಏರುತ್ತದೆ. ಕೆಳಗಿಳಿಯಬೇಕಾದ ಮಣ್ಣು ಮೇಲಕ್ಕೆ ಬಿತ್ತು ಎನ್ನಬಹುದು. ಹಾಗೆ ಕಟ್ಟಿದ ಮಂಜುಗಡ್ಡೆ ಬೆಳ್ಳಗಿರುವುದಿಲ್ಲ, ಕಾಫಿ ಚೆಲ್ಲಿದ ಬಣ್ಣ. ಅದು ತೇಲುತ್ತಾ ಹೋಗಿ ಎಲ್ಲಿ ಕರಗುತ್ತದೋ ಅಲ್ಲಿ ತನ್ನ ಹೊರೆ ಇಳಿಸುತ್ತದೆ, ಅದು ಹುಟ್ಟಿದ ಜಾಗದಿಂದ ಸಾವಿರ ಕಿಲೋಮೀಟರ್ ಆಚೆಯೂ ಆಗಬಹುದು. ನಾರ್ವೆಯ ಅನ್ವೇಷಕ ಫ್ರಿಡ್ಯೋಫ್ ನಾನ್ಸೆನ್ 1893ರಲ್ಲಿ ತನ್ನ ಫ್ರಾಮ್ ಹಡಗನ್ನು ನ್ಯೂ ಸೈಬೀರಿಯನ್ ದ್ವೀಪಗಳ ಉತ್ತರಕ್ಕೆ ಬೇಕೆಂದೇ ಮಂಜುಗಡ್ಡೆಯಲ್ಲಿ ಸಿಕ್ಕಿಸಿ ತೇಲಿಬಿಟ್ಟ. 1896ರಲ್ಲಿ ಅದು ಸ್ಪಿಟ್ಸ್‌ಬರ್ಗೆನ್ ಹತ್ತಿರ ಹೊರಬಿತ್ತು. ಗ್ರೀನ್‌ಲ್ಯಾಂಡ್ ಬಳಿಯ ಹಿಮದ ಮೇಲಿನ ಮಣ್ಣೂ ತೇಲಿಬಂದ ಸೈಬೀರಿಯಾದ ಮರದ ದಿಮ್ಮಿಗಳೂ ಅವನಿಗೆ ದಾರಿಯ ಸುಳಿವು ಕೊಟ್ಟಿದ್ದವು. ಲೇನಾ ಸೇರುವ ಲಾಪ್ಟೇವ್ ಸಮುದ್ರದಲ್ಲಿ ಈ ಸಾಗಣೆ ಜೋರು. ಬೋಫರ್ಟ್‌ನಲ್ಲೂ ಇದೆ, ಮೆಕೆಂಜಿಯ ಹೊರೆಯ ಮುಂದೆ ಅದರ ಪಾಲು ಸಣ್ಣದು.

ಕೊನೆಗೆ ಸ್ವಂತ ಮನೆ ಎಲ್ಲಿ? ಅಲೆಯ ಕೈ ಎಟುಕದ ಆಳದಲ್ಲಿ. ಬೋಫರ್ಟ್‌ನ ಖಂಡಾವರಣ, ಅಂದರೆ ದಡದಿಂದಾಚೆ ನೀರಿನಡಿ ಚಾಚಿದ ಆಳ ಕಡಿಮೆಯ ನೆಲ, ಸುಮಾರು ನೂರು ಚಿಲ್ಲರೆ ಕಿಲೋಮೀಟರ್ ಅಗಲ, ಅದರ ಹೊರ ಅಂಚು 80ರಿಂದ 100 ಮೀಟರ್ ಆಳದಲ್ಲಿದೆ. ನದೀಮುಖದ ಪಶ್ಚಿಮಕ್ಕೆ ಹಿಮಯುಗದಲ್ಲಿ ಕೊರೆದ ಮೆಕೆಂಜಿ ಕಂದರ ಇದೆ, ಹೂಳಿಗೆ ಅದು ಹೇಳಿ ಮಾಡಿಸಿದ ತೊಟ್ಟಿ. ಅಲ್ಲಿನ ತಳಕ್ಕೆ ಕೊಳವೆ ಇಳಿಸಿ ತೆಗೆದ ಹೂಳನ್ನು ಉದ್ದಕ್ಕೆ ಸೀಳಿದರೆ ಬೂದು ಬಣ್ಣದ ನುಣುಪು ಕೆಸರು, ಬೆಣ್ಣೆ ಕತ್ತರಿಸಿದ ಹಾಗೆ ತಂತಿ ಹಾಯುತ್ತದೆ. ಮೇಲಿನ ಕೆಲವು ಸೆಂಟಿಮೀಟರಿನಲ್ಲಿ ಹುಳುಗಳು ಓಡಾಡಿದ ಬಿಲ. ವಯಸ್ಸು ತಿಳಿಯಲು ಸೀಸ-210 ನೋಡುತ್ತೇವೆ. ಗಾಳಿಯಿಂದ ಉದುರಿ ಹೂಳಿಗೆ ಅಂಟುವ ಈ ವಿಕಿರಣ ಸೀಸ 22 ವರ್ಷಕ್ಕೊಮ್ಮೆ ಅರ್ಧವಾಗುತ್ತದೆ, ಎಷ್ಟು ಆಳಕ್ಕೆ ಎಷ್ಟು ಕುಗ್ಗಿದೆ ಎಂಬುದರಿಂದ ವರ್ಷಕ್ಕೆ ಎಷ್ಟು ಕೂತಿತು ಎಂದು ತಿಳಿಯುತ್ತದೆ. ಖಂಡಾವರಣದ ಬಹುಪಾಲಿನಲ್ಲಿ ಅದು ಮಿಲಿಮೀಟರುಗಳ ಲೆಕ್ಕ. ಕಷ್ಟ ಬರುವುದು ಆಳ ಕಡಿಮೆ ಇರುವಲ್ಲಿ. ಹಿಮದಿಬ್ಬಗಳ ಕೆಳತುದಿ ಕಡಲತಳವನ್ನು ನೇಗಿಲಿನಂತೆ ಉತ್ತು ಸಾಲು ಎಳೆದಿರುತ್ತದೆ, ಹಳೆಯದು ಹೊಸದು ಎಲ್ಲ ಕಲಸಿಹೋಗಿರುತ್ತದೆ. ಅಂಥ ಕಡೆ ತೆಗೆದ ಕೊಳವೆ ಓದುವುದೆಂದರೆ ಹಾಳೆ ಹರಿದು ಅದಲುಬದಲಾದ ಪುಸ್ತಕ ಓದಿದ ಹಾಗೆ.

ಈ ಕೆಸರಿನೊಡನೆ ಇಂಗಾಲವೂ ಹೂತುಹೋಗುತ್ತದೆ. ಮೆಕೆಂಜಿ ತನ್ನ ಪ್ರದೇಶದ ಮಣ್ಣುಗಳಿಂದ ವರ್ಷಕ್ಕೆ ಸುಮಾರು 22 ಲಕ್ಷ ಟನ್ ಸಾವಯವ ಇಂಗಾಲ ಹೊತ್ತು ತರುತ್ತದೆ ಎಂದು 2015ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಲೆಕ್ಕ ಹಾಕಿತ್ತು. ಸರಾಸರಿ ಐದು ಸಾವಿರ ವರ್ಷಕ್ಕೂ ಹಳೆಯ ಇಂಗಾಲ ಅದು. ಬೇಗ ಬೇಗ ಹೂತುಹೋಗುವುದರಿಂದ ಅದರಲ್ಲಿ ಗಣನೀಯ ಪಾಲು ಕೊಳೆಯದೆ ತಳದಲ್ಲಿ ಉಳಿಯುತ್ತದೆ.

ಮಗಳ ಎರಡನೇ ಬಾಟಲಿಯ ಗಸಿಯನ್ನು ನದಿಯದೆಂದೇ ಬರೆದಿಡಬೇಡಿ. ಟಕ್‌ನ ದಡವೇ ಹೆಪ್ಪುಗಟ್ಟಿದ ಮಣ್ಣು, ಬೇಸಗೆಯ ಅಲೆಗೆ ಅದು ಕುಸಿಯುತ್ತಾ ಇದೆ. ಇಡೀ ಬೋಫರ್ಟ್ ಕರಾವಳಿಯ ಲೆಕ್ಕದಲ್ಲಿ ದಡದ ಮಣ್ಣು ನದಿಯ ಹೂಳಿನ ಹತ್ತನೇ ಒಂದಕ್ಕಿಂತ ಕಡಿಮೆ. ಆದರೆ ದಡದಲ್ಲೇ ಬಗ್ಗಿ ತುಂಬಿಸಿದ ಒಂದು ಬಾಟಲಿಯಲ್ಲಿ ಆ ಪಾಲು ಹೆಚ್ಚೇ ಇದ್ದೀತು.

ಇನ್ನೊಮ್ಮೆ ಹೋಗುವ ಮನಸ್ಸಿದ್ದರೆ ಒಂದು ಮಾತು. ನೆರೆ ಒಡೆದು ಬರುವುದನ್ನು ನೋಡಲು ಕಾರಿನಲ್ಲಿ ಹೋಗಲಾಗುವುದಿಲ್ಲ. ಆ ವಾರಗಳಲ್ಲಿ ಪೀಲ್ ಮತ್ತು ಮೆಕೆಂಜಿಯ ಮೇಲಿನ ಹಿಮದ ದಾರಿ ಮುಚ್ಚಿರುತ್ತದೆ, ಫೆರಿ ಇನ್ನೂ ನೀರಿಗಿಳಿದಿರುವುದಿಲ್ಲ. ಮನೆಯಲ್ಲೇ ಕೂತು ಜೂನ್ ಮೊದಲ ಎರಡು ವಾರಗಳ ನಾಸಾ ಉಪಗ್ರಹದ ಚಿತ್ರಗಳನ್ನು ಮಗಳಿಗೆ ತೋರಿಸಿ. ಮೋಡವಿಲ್ಲದ ದಿನ ಸಿಕ್ಕಿದರೆ, ಬಿಳಿ ಹಾಸಿನ ಮೇಲೆ ಅಳಿವೆಯಿಂದ ಬೀಸಣಿಗೆಯಂತೆ ಬಿಚ್ಚಿಕೊಂಡ ಕಂದು ನೀರು ಕಾಣುತ್ತದೆ.